ಬೀಗರ ಊಟದಲ್ಲಿ ರ‍್ಯಾಪ್

ಬೀಗರು ಎಲೆ ಬಿಟ್ಟು ಏಳಬಹುದಿತ್ತು. ಮದುಮಗನ ಚಿಕ್ಕಪ್ಪ ಮೈಕಿನ ವೈರು ಕಿತ್ತೆಸೆಯಬಹುದಿತ್ತು. ಮದುಮಗಳ ತಾಯಿ, ಅಂದರೆ ನನ್ನ ತಂಗಿ, ನನ್ನೊಡನೆ ಜನ್ಮವಿಡೀ ಮಾತು ಬಿಡಬಹುದಿತ್ತು. ಅಜ್ಜಂಪುರದ ಛತ್ರದಲ್ಲಿ ನನ್ನ ಮಗಳು ಮೊಬೈಲಿನಲ್ಲಿ ಬೀಟ್ ಹಾಕಿ, ಮೈಕು ಹಿಡಿದು ರ‍್ಯಾಪ್ ಶುರು ಮಾಡಿದಾಗ ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಯೋಚಿಸಿ ಮುಗಿಸಿದ್ದೆ.

ಊಟಕ್ಕೆ ಕುಳಿತ ಗಂಡಿನ ಕಡೆಯವರನ್ನು ಹೆಣ್ಣಿನ ಕಡೆಯವರು ಹಾಡು ಕಟ್ಟಿ ಜರೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಆದರೆ ರ‍್ಯಾಪಿನಲ್ಲಲ್ಲ. ಕಾಲೇಜಿನ ದಿನಗಳಲ್ಲಿ ಅದನ್ನು ‘ರಾಗ ಬಾರದವರ ಜಗಳ’ ಎಂದು ಹೀಗಳೆದು ಟೇಪ್‌ರೆಕಾರ್ಡರ್ ಆರಿಸುತ್ತಿದ್ದವನು ನಾನು.

“ಬಸ್ ತುಂಬ ಬಂದ್ರು ಬುಕ್ಕಾಂಬುಧಿ ಬೀಗ್ರು, ಪಾಯ್ಸ ಕಂಡಿದ್ದೇ ಚೊಂಬೇ ಎತ್ತಿದ್ರು!” ಎಂದಳು ಮಗಳು.

ಉಣ್ಣುತ್ತಿದ್ದ ಇಡೀ ಪಂಕ್ತಿ ತಲೆಯೆತ್ತಿ ಅವಳತ್ತ ನೋಡಿತು. ಮಗಳು ಗಾಬರಿಯಿಂದ ಬೀಟ್ ಆರಿಸಲು ಹೋದಳು. ಅಷ್ಟರಲ್ಲಿ ಮದುಮಗನ ಅಜ್ಜಿ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟು, “ಲೇ, ಆ ಡಬಡಬ ನಿಲ್ಲಿಸ್ಬೇಡ ಕಣೇ!” ಎಂದು ಕೂಗಿ, ಎಡಗೈಯಲ್ಲಿ ಮೇಜು ಬಡಿಯುತ್ತ ಅದೇ ತಾಳಕ್ಕೆ ಉತ್ತರ ಕೊಟ್ಟರು:

“ಹಾಡೋ ಹುಡ್ಗಿ ಬಾಯಿ ಜೋರು, ಇವ್ಳನ್ ಕಟ್ಕೊಳೋ ಗಂಡು ಯಾರು?”

ಬೀಗರು ಕೇಕೆ ಹಾಕಿ ನಕ್ಕರು. ಚಿಕ್ಕಂದಿನಿಂದ ಬೀಗರ ಹಾಡು ಕೇಳಿ ಬೆಳೆದ ನನಗೆ, ರ‍್ಯಾಪೂ ಇದೇ ಎಂದು ಹೊಳೆಯಲು ಆ ಅಜ್ಜಿ ಬೇಕಾಯಿತು.

ಈಗ ಬೆಳಗಿನ ವಾಕಿಂಗ್‌ನಲ್ಲಿ ಮಗಳು ಕಳಿಸಿದ ರ‍್ಯಾಪ್ ಕೇಳುತ್ತೇನೆ. ಎದುರಿಗೆ ಯಾರೂ ಬರದಿದ್ದರೆ ತಲೆಯನ್ನೂ ಆಡಿಸುತ್ತೇನೆ. ಅಂದು ಕೆಟ್ಟದ್ದು ಒಂದೇ. ಅಜ್ಜಿಗೆ ತಿರುಗಿ ಹೇಳಲು ಮಗಳಿಗೆ ಏನೂ ಹೊಳೆಯಲಿಲ್ಲ, ನಾವು ಸೋತೆವು.