ಕೊಬ್ಬರಿ ವ್ಯಾಪಾರಿಗಳಿಗೆಂದು ಒತ್ತಿದ ಶಾವಿಗೆ

ಆ ಬೆಳಗ್ಗೆ ಒತ್ತಿದಷ್ಟು ನಯವಾದ ಶಾವಿಗೆಯನ್ನು ನಾನು ಆಮೇಲೆ ಒತ್ತಿಲ್ಲ. ಒತ್ತುವ ಮನಸ್ಸೂ ಆಗಿಲ್ಲ. ನಮ್ಮ ಮನೆಯ ಮಕ್ಕಳಿಗೆ ಶಾವಿಗೆ ರಸಾಯನವೆಂದರೆ ಪ್ರಾಣ; ಕೇಳಿದರೆ ಅಂಗಡಿಯ ಒಣಶಾವಿಗೆ ಬೇಯಿಸಿ, ಹಾಲು ಸುರಿದು ಕೊಡುತ್ತೇನೆ. ಸೋಮಾರಿ ಎನ್ನುತ್ತಾರೆ. ಅನ್ನಲಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮನೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ, ಬಸದಿಗಳಿಗೆ ಹತ್ತಿರದಲ್ಲೇ ಇತ್ತು. ಅಪ್ಪಾಜಿಗೆ ಒಂದಿಷ್ಟು ಗದ್ದೆ, ಒಂದು ತೆಂಗಿನ ತೋಟ. ನಾನು ಪಿಯುಸಿ ಪಾಸಾಗಿ ಮನೆಯಲ್ಲಿದ್ದೆ. ಹಾಸನಕ್ಕೆ ಹೋಗಿ ಟೀಚರ್ ಟ್ರೈನಿಂಗ್ ಮಾಡಬೇಕು, ಟೀಚರಮ್ಮ ಆಗಬೇಕು ಎಂಬ ಹುಚ್ಚು ಹಿಡಿದಿತ್ತು. ಹುಚ್ಚು ಎಂದು ಈಗ ಹೇಳುತ್ತೇನೆ, ಆಗ ಅದೊಂದೇ ನನ್ನ ಬದುಕಾಗಿತ್ತು. ಅಪ್ಪಾಜಿಯ ಮುಂದೆ ನಿಂತು ಕೇಳುವ ಧೈರ್ಯವಿರಲಿಲ್ಲ. ಅವರೇನು ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಆದರೆ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮಾತು ಅಮ್ಮನ ಮೂಲಕವೋ ಅಕ್ಕನ ಮೂಲಕವೋ ಜಗಲಿಗೆ ಹೋಗಬೇಕಿತ್ತು, ಅಷ್ಟೇ.

ಅಕ್ಕನನ್ನು ಹಾಸನಕ್ಕೇ ಮದುವೆ ಮಾಡಿ ಕೊಟ್ಟಿದ್ದರು. ನಾನು ಗುಟ್ಟು ಹೇಳಿದ್ದು ಅವಳೊಬ್ಬಳಿಗೆ. "ನಮ್ಮ ಮನೇಲೇ ಇದ್ಕೊಂಡು ಓದು ಕಣೇ, ಅಪ್ಪಾಜಿಗೆ ನಾನು ಹೇಳ್ತೀನಿ" ಎಂದು ನನ್ನ ತಲೆ ಸವರಿದ್ದಳು. ಅವಳ ಮಾತೆಂದರೆ ನನಗೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಕಲ್ಲಿನ ಮೇಲೆ ಕೆತ್ತಿದ್ದಕ್ಕೆ ನಮ್ಮೂರಲ್ಲಿ ಕೊರತೆಯಿಲ್ಲ ನೋಡಿ, ಹಾಗಾಗಿ ನಂಬುವುದೂ ಅಭ್ಯಾಸವಾಗಿಬಿಟ್ಟಿತ್ತು.

ಮಾವಿನಹಣ್ಣಿನ ಕಾಲದಲ್ಲಿ ಅಕ್ಕ ನಾಲ್ಕು ದಿನಕ್ಕೆಂದು ಬಂದಳು. ಬಂದವಳೇ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು: "ನಾಳೆ ಅರಸೀಕೆರೆಯಿಂದ ಕೊಬ್ಬರಿ ವ್ಯಾಪಾರದವರು ಬರ್ತಾರೆ. ಅವರ ಮನೆ ಹೆಂಗಸರೂ ಬರ್ತಾರಂತೆ, ಹಾಗೇ ಬೇಲೂರು ದೇವಸ್ಥಾನ ನೋಡ್ಕೊಂಡು ಹೋಗೋಕೆ. ಕೊಬ್ಬರಿಗೆ ಒಳ್ಳೇ ರೇಟು ಕುದುರಿದ್ರೆ ಅಪ್ಪಾಜಿ ಖುಷಿಯಾಗಿರ್ತಾರೆ. ಆಗ ನಿನ್ನ ವಿಷಯ ತೆಗೀತೀನಿ. ತಿಂಡಿ ಮಾತ್ರ ನೀನೇ ಮಾಡು. ಶಾವಿಗೆ, ಕಾಯಿಹಾಲು, ಹಣ್ಣು. ನಿನ್ನ ಕೈಯಲ್ಲಿ ಅದು ಚೆನ್ನಾಗಿ ಬರುತ್ತೆ."

ಬೇರೆಯವರ ಮನೆಯಲ್ಲಾದರೆ ಇಂಥ ತಿಂಡಿಗೆ ಕತ್ತಲಲ್ಲೇ ಎದ್ದು ಒಲೆ ಹಚ್ಚಬಹುದು. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಹೊತ್ತು ಹುಟ್ಟುವ ಮುಂಚೆ ಒಲೆಯಿಲ್ಲ. ಹುಳುಹುಪ್ಪಟೆ ಬಿದ್ದು ಸಾಯುತ್ತವೆಂದು. ಹಾಗಾಗಿ ಬೆಳಕು ಹರಿಯುವುದಕ್ಕೂ ಬಸ್ಸು ಬರುವುದಕ್ಕೂ ನಡುವೆ ಎಲ್ಲ ಮುಗಿಯಬೇಕು. ಬಾವಿಯ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ ಎಸರಿಗಿಟ್ಟೆ. ಅಕ್ಕಿಹಿಟ್ಟು ಸುರಿದು, ಗಂಟಿಲ್ಲದಂತೆ ತಿರುವಿ, ಉಂಡೆ ಕಟ್ಟಿ ಮತ್ತೆ ಕುದಿಯುವ ನೀರಿಗೆ ಬಿಟ್ಟೆ. ಇನ್ನೊಂದು ಕಡೆ ತೆಂಗಿನಕಾಯಿ ರುಬ್ಬಿ ಹಾಲು ಹಿಂಡಿ, ಬೆಲ್ಲ, ಏಲಕ್ಕಿ ಹಾಕಿಟ್ಟೆ. ಪುಟ್ಟಬಾಳೆ ಬಿಲ್ಲೆಬಿಲ್ಲೆಯಾಗಿ ಹೆಚ್ಚಿದೆ. ಮಾವಿನಹಣ್ಣನ್ನು ಮಾತ್ರ ಕೊನೆಗೆ ಹೆಚ್ಚಬೇಕು, ಇಲ್ಲದಿದ್ದರೆ ನೀರು ಬಿಟ್ಟುಕೊಂಡು ಶಾವಿಗೆಯನ್ನು ಕೆಡಿಸುತ್ತದೆ.

"ಅರಸೀಕೆರೆ ಮಂಡಿಯವರು ಅಂದ್ರೆ ಶಿವಭಕ್ತರು ತಾನೇ? ಅವರು ರಸಾಯನಕ್ಕೆ ಜೇನುತುಪ್ಪ ಹಾಕ್ಕೋತಾರೆ. ಆಚೆಮನೆಯಿಂದ ಒಂಚೂರು ಇಸ್ಕೊಂಡು ಬರ್ಲಾ?" ಎಂದೆ ಅಮ್ಮನಿಗೆ. ನಮ್ಮಲ್ಲಿ ಜೇನುತುಪ್ಪ ಮುಟ್ಟುವುದಿಲ್ಲ. ಸುಮ್ಮನೆ ಅತಿಥಿಗಳ ಉಪಚಾರಕ್ಕೆಂದು ಕೇಳಿದ್ದೆ. ಅಮ್ಮ ಬೆಂಕಿ ಮುಟ್ಟಿದವರಂತೆ ಬೆಚ್ಚಿಬಿದ್ದರು. "ಅಯ್ಯಯ್ಯೋ! ಇವತ್ತೊಂದು ದಿನ ಆ ಹೆಸರೆತ್ತಬೇಡ" ಎಂದರು. ಇವತ್ತೊಂದು ದಿನ ಏಕೆ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ನಮ್ಮದು ಮೂರು ಕಾಲಿನ ಕಬ್ಬಿಣದ ಶಾವಿಗೆ ಒರಳು. ಒಬ್ಬರು ಕಾಲು ಅದುಮಿ ಹಿಡಿಯಬೇಕು, ಇನ್ನೊಬ್ಬರು ಮೇಲಿನ ಹಿಡಿ ತಿರುಗಿಸಬೇಕು. ಉಂಡೆ ಬಿಸಿಯಿರುವಾಗಲೇ ಒತ್ತಬೇಕು, ಆರಿದರೆ ಎಳೆ ತುಂಡಾಗುತ್ತದೆ. ಅಕ್ಕ ಕುಕ್ಕರಗಾಲಲ್ಲಿ ಕೂತು ಹಿಡಿದುಕೊಂಡಳು. ಅವಳ ತಲೆ ನನ್ನ ಎದೆಯ ಹತ್ತಿರವೇ ಇತ್ತು.

"ಅಪ್ಪಾಜಿಗೆ ಇವತ್ತೇ ಹೇಳ್ತೀಯಲ್ವಾ?" ಎಂದು ಪಿಸುಗುಟ್ಟಿದೆ.

"ಹೇಳ್ತೀನಿ ಅಂದ್ನಲ್ಲೇ. ನೀನು ತಿರುಗ್ಸು, ಹಿಟ್ಟು ಆರ್ತಿದೆ."

ಮೈಯೆಲ್ಲ ಬೆವರುವಂತೆ ತಿರುಗಿಸಿದೆ. ಒಂದೊಂದು ಎಳೆಯೂ ಹಾಸನದ ಕಡೆಗೇ ಇಳಿಯುತ್ತಿದೆ ಎಂಬ ಉತ್ಸಾಹ ನನಗೆ. ಮುಗಿಯುತ್ತಲೇ ಅಕ್ಕ ತನ್ನ ಟ್ರಂಕಿನಿಂದ ಒಂದು ಸೀರೆ ತೆಗೆದುಕೊಟ್ಟಳು. "ದಾವಣಿಗೆಲ್ಲ ಹಿಟ್ಟು ಮೆತ್ಕೊಂಡಿದೆ, ಇದನ್ನುಟ್ಕೋ." ಉಟ್ಟೆ. ಇಷ್ಟು ಒಳ್ಳೆಯ ಅಕ್ಕ ಯಾರಿಗುಂಟು ಎಂದುಕೊಂಡೆ, ದಡ್ಡಿ.

ಬಂದವರು ನಾಲ್ವರು. ವಯಸ್ಸಾದ ಗಂಡಹೆಂಡತಿ, ಜೊತೆಗೊಬ್ಬರು ಹಿರಿಯರು, ಮತ್ತೆ ತುದಿಯ ಕುರ್ಚಿಯಲ್ಲಿ ಕರ್ಚೀಫಿನಿಂದ ಪದೇಪದೇ ಮುಖ ಒರೆಸಿಕೊಳ್ಳುತ್ತಿದ್ದ ಒಬ್ಬ ಯುವಕ. ಮಂಡಿಯ ಗುಮಾಸ್ತ ಇರಬೇಕು ಎಂದುಕೊಂಡೆ. ಒಂದು ಮಾತ್ರ ವಿಚಿತ್ರವೆನಿಸಿತು. ಕೊಬ್ಬರಿ ವ್ಯಾಪಾರಿಗಳು ಬಂದರೆ ಮೊದಲು ಕತ್ತೆತ್ತಿ ಕಾಯಿ ಒಣಗಲು ಹಾಕಿದ ಅಟ್ಟ ನೋಡುತ್ತಾರೆ. ಒಂದು ಕಾಯಿ ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಉರುಳುವ ಸದ್ದು ಕೇಳಿದ ಮೇಲೇ ಕೂರುತ್ತಾರೆ. ಇವರು ಅಟ್ಟದ ಕಡೆ ತಿರುಗಿಯೂ ನೋಡಲಿಲ್ಲ. ಯಾರ ಹಣೆಯ ಮೇಲೂ ವಿಭೂತಿ ಇರಲಿಲ್ಲ.

ಬಟ್ಟಲುಗಳಲ್ಲಿ ಶಾವಿಗೆ ಹರಡಿ, ಹಣ್ಣು ಇಟ್ಟು, ಮೇಲೆ ಕಾಯಿಹಾಲು ಹಾಕಿ ನಾನೇ ತಂದುಕೊಟ್ಟೆ. ಆ ಹೆಂಗಸು ಒಂದು ತುತ್ತು ತಿಂದರು, ಇನ್ನೊಂದು ತಿಂದರು. ನೀರಿನ ಲೋಟ ಕೈಗೆತ್ತಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು:

"ನೀರು ಸೋಸಿದ ಮೇಲೆ ಆ ಬಟ್ಟೆ ಏನ್ಮಾಡ್ತೀಯಮ್ಮ? ಅಂಗಳದಲ್ಲಿ ಕೊಡವ್ತೀಯೋ, ಜಾಲಿಸಿ ಬಾವಿಗೇ ಬಿಡ್ತೀಯೋ?"

ಬಟ್ಟೆಯಲ್ಲಿ ಉಳಿದ ಜೀವಗಳು ಬಂದ ಬಾವಿಗೇ ವಾಪಸ್ ಹೋಗಬೇಕು, ಇದು ನಮ್ಮವರ ಪದ್ಧತಿ. ಅರಸೀಕೆರೆಯ ಶಿವಭಕ್ತರಿಗೆ ಆ ಬಟ್ಟೆಯ ಗೊಡವೆಯೇ ಇಲ್ಲ. ನಮ್ಮವರಲ್ಲೂ ಇದನ್ನು ಯಾರೂ ನೆಂಟರ ಮನೆಯ ಹುಡುಗಿಯನ್ನು ಸುಮ್ಮಸುಮ್ಮನೆ ಕೇಳುವುದಿಲ್ಲ. ಸೊಸೆ ಮಾಡಿಕೊಳ್ಳುವವರು ಕೇಳುತ್ತಾರೆ.

ಅಕ್ಕನ ಕಡೆ ನೋಡಿದೆ. ಅವಳು ಬಾಗಿಲಿಗೊರಗಿ ಸೆರಗಿನ ತುದಿ ನೋಡುತ್ತಿದ್ದಳು. ಅಮ್ಮ ಪಕ್ಕದಿಂದ ಮೊಣಕೈಯಲ್ಲಿ ತಿವಿದರು. "ಬಾವಿಗೇ ಬಿಡ್ತೀನಿ" ಎಂದೆ. ನಿಜ ತಾನೇ, ಬೇರೇನು ಹೇಳಲಿ! ಆಕೆ ಗಂಡನ ಕಡೆ ತಿರುಗಿ ನಕ್ಕರು. ಗುಮಾಸ್ತ ಇನ್ನೊಮ್ಮೆ ಮುಖ ಒರೆಸಿಕೊಂಡ.

ಬೇಲೂರಿಗೆ ಹೋಗುವ ಮಾತೇ ಬರಲಿಲ್ಲ. ನಡುಮನೆಯಲ್ಲಿ ತಟ್ಟೆಗಳು ಅತ್ತಿಂದಿತ್ತ ಹೋದವು, ವೀಳ್ಯದೆಲೆ ಅಡಿಕೆ ಬದಲಾದವು. ನಾನು ಅಡಿಗೆಮನೆಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. "ನನಗ್ಯಾಕೆ ಮೊದಲೇ ಹೇಳ್ಲಿಲ್ಲ?" ಎಂದು ಅಮ್ಮನನ್ನು ಕೇಳಿದರೆ, "ಹೇಳಿದ್ರೆ ಹೆದರಿ ಅತ್ತು ಮುಖ ಊದಿಸ್ಕೋತೀಯ ಅಂದ್ಳು ನಿಮ್ಮಕ್ಕ. ಸಂಬಂಧ ತಂದವಳೂ ಅವಳೇ ತಾನೇ. ಒಳ್ಳೇ ಜನ ಕಣೇ" ಎಂದರು.

ಅವರನ್ನು ಬಸ್ಸು ಹತ್ತಿಸಿ ಅಪ್ಪಾಜಿ ವಾಪಸ್ ಬಂದು ಜಗಲಿಯ ಮೇಲೆ ಕೂತರು. ನಾನು ನೆಟ್ಟಗೆ ಹೋಗಿ ಅವರ ಮುಂದೆ ನಿಂತೆ. ಅಷ್ಟು ವರ್ಷ ಇಲ್ಲದ ಧೈರ್ಯ ಸಿಟ್ಟಿನಿಂದ ಬಂತು.

"ಅಪ್ಪಾಜಿ, ನಾನು ಹಾಸನದಲ್ಲಿ ಟ್ರೈನಿಂಗ್ ಮಾಡ್ಬೇಕು ಅಂತಿದ್ದೆ."

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಲ್ಲಿಸಿದರು. "ಏನಂದೆ?"

ಇನ್ನೊಮ್ಮೆ ಹೇಳಿದೆ.

"ನಾನೇ ಕೇಳಿದ್ನಲ್ಲಮ್ಮ ನಿಮ್ಮಕ್ಕನ್ನ. 'ಮಗು ಪಾಸಾಗಿದೆ, ನಿಮ್ಮನೇಲಿಟ್ಕೊಂಡು ಓದಿಸ್ತೀಯಾ' ಅಂತ. 'ಅವಳಿಗೆ ಓದು ಸಾಕಂತೆ ಅಪ್ಪಾಜಿ, ಮದುವೆ ಮಾಡಿ ಅಂತ ಅವಳೇ ಹೇಳಿದ್ಲು' ಅಂದ್ಳು ನಿಮ್ಮಕ್ಕ. ನಿನಗೆ ಗೊತ್ತಿದ್ದೇ ಇದೆಲ್ಲ ಆಗ್ತಿದೆ ಅಂದ್ಕೊಂಡೆ." ಅವರ ಮುಖ ಸಣ್ಣದಾಯಿತು. "ಒಂದು ಮಾತು ನನಗೇ ಹೇಳಬಾರದಾಗಿತ್ತಾ? ಕಳಿಸ್ತಿದ್ದೆ. ಈಗ ತಾಂಬೂಲ ಬದಲಾಯಿಸಿ ಆಯ್ತಲ್ಲ ತಾಯೀ."

ಒಳಗೆ ಬಂದೆ. ಅಕ್ಕ ಒಲೆಯ ಮುಂದೆ ಮಣೆ ಹಾಕಿಕೊಂಡು ಉಳಿದ ಶಾವಿಗೆ ತಿನ್ನುತ್ತಿದ್ದಳು. ಜಗಲಿಯ ಮಾತೆಲ್ಲ ಅಲ್ಲಿಗೆ ಕೇಳಿಸುತ್ತದೆ, ಅವಳಿಗೂ ಕೇಳಿಸಿತ್ತು.

"ಯಾಕಕ್ಕಾ?" ಎಂದೆ.

ಅವಳು ತಲೆಯೆತ್ತಲಿಲ್ಲ. "ನಮ್ಮನೇಲಿರೋದೇ ಎರಡು ರೂಮು ಕಣೇ. ನಿನ್ನನ್ನ ಎಲ್ಲಿ ಮಲಗಿಸ್ಲಿ? ಬರಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ನೀನು ಬೇಜಾರು ಮಾಡ್ಕೋತಿದ್ದೆ."

ಕೊನೆಯ ಮಾವಿನ ಹೋಳನ್ನು ಬಾಯಿಗೆ ಹಾಕಿಕೊಂಡು, ಖಾಲಿ ಬಟ್ಟಲನ್ನು ತೊಳೆಯಲೆಂದು ನನ್ನ ಕೈಗೆ ಕೊಟ್ಟಳು.