ಪಕ್ಕದ ಮನೆಯ ಮಗು

ಚಿಕ್ಕಬಳ್ಳಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ. ಇದಕ್ಕೆ ಮೊದಲು ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಕನ್ನಡ ತೆಗೆದುಕೊಳ್ಳುವವರು ಕಡಿಮೆಯಾದರೆಂದು ಬಿಡಿಸಿದರು. ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ಕೆಲಸ ಹಿಡಿದೆ. ಬಾಗಿಲಿಗೆ ಬೋರ್ಡು ಹಾಕಲಿಲ್ಲ. ನೆಂಟರು ಕೇಳಿದರೆ ಟ್ಯೂಷನ್ ಹೇಳುತ್ತೇನೆ ಎನ್ನುತ್ತಿದ್ದೆ.

ಚಳಿಗಾಲದಲ್ಲಿ ಈ ಕೆಲಸ ಎರಡರಷ್ಟಾಗುತ್ತದೆ. ಮಂಜು ಕರಗಿ ಬಿಸಿಲು ಬರುವ ತನಕ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಒಗೆದ ಚಡ್ಡಿಗಳು ಸಂಜೆಯಾದರೂ ಒಣಗುವುದಿಲ್ಲ. ಒಂದು ಮಗುವಿಗೆ ನೆಗಡಿಯಾದರೆ ಎಲ್ಲಕ್ಕೂ ಆಗುತ್ತದೆ.

ಹಾಗೆ ಮಕ್ಕಳೆಲ್ಲ ಕೆಮ್ಮಿಕೊಂಡು ತಮ್ಮ ತಮ್ಮ ಮನೆಯಲ್ಲೇ ಉಳಿದಿದ್ದ ಒಂದು ಬೆಳಗ್ಗೆ ಪುಟ್ಟಿ ಎಂಬ ಮಗು ಮಾತ್ರ ಬಂದಿದ್ದಳು. ಅವಳ ತಾಯಿ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಒಂದು ಕಚೇರಿಯಲ್ಲಿ ಗುಮಾಸ್ತೆ. ನನ್ನನ್ನು ಇವತ್ತಿಗೂ ಮೇಡಂ ಎಂದೇ ಕರೆಯುತ್ತಾಳೆ. ಅವಳು ಮಗುವನ್ನು ಬಿಟ್ಟು ಹೋದ ಸ್ವಲ್ಪ ಹೊತ್ತಿಗೆ ನಾನು ಬಚ್ಚಲಲ್ಲಿ ಬಿಸಿನೀರು ಹಾಕಿ ಪುಟ್ಟಿಯ ಕುಂಡಿ ತೊಳೆಯುತ್ತಿದ್ದೆ. ಆಗ ಗೌರಿಬಿದನೂರಿನಿಂದ ನನ್ನ ಓರಗಿತ್ತಿ ಬಂದರು. ನನ್ನ ಗಂಡನ ಅಣ್ಣನ ಹೆಂಡತಿ. ಹೊಲದ ಅವರೆಕಾಯಿ ಒಂದು ಚೀಲ ತಂದಿದ್ದರು. ಹೇಳದೆ ಕೇಳದೆ ನೇರ ಒಳಗೇ ಬಂದು ನಿಂತು, ಯಾರ ಮಗು ಇದು ಎಂದರು.

"ಪಕ್ಕದ ಮನೇದು ಅಕ್ಕ. ಅವರಮ್ಮನಿಗೆ ಹುಷಾರಿಲ್ಲ. ಇವತ್ತೊಂದಿನ ನೋಡ್ಕೊಳ್ಳಿ ಅಂದ್ರು."

ಹೇಳಿ ತಿರುಗಿದರೆ ಬಾಗಿಲಲ್ಲಿ ಪುಟ್ಟಿಯ ತಾಯಿ ನಿಂತಿದ್ದಳು. ಮಗುವಿನ ಕುಲಾವಿ ಅವಳ ಬ್ಯಾಗಿನಲ್ಲೇ ಉಳಿದಿತ್ತಂತೆ, ಕೊಟ್ಟು ಹೋಗಲು ವಾಪಸು ಬಂದಿದ್ದಳು. ನನ್ನ ಮುಖ ನೋಡಿದಳು, ಓರಗಿತ್ತಿಯನ್ನು ನೋಡಿದಳು.

"ಹೌದಮ್ಮ, ರಾತ್ರಿಯಿಂದ ಜ್ವರ," ಎಂದಳು. "ಡಾಕ್ಟ್ರ ಹತ್ರ ಹೊರಟಿದ್ದೆ." ಕುಲಾವಿಯನ್ನು ನನ್ನ ಕೈಗಿಟ್ಟು ಹೊರಟುಹೋದಳು.

ಆಗ ಆದ ನಾಚಿಕೆ ಎಂಥದೆಂದು ಹೇಳಲಾರೆ. ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರೆ ಅಷ್ಟು ಆಗುತ್ತಿರಲಿಲ್ಲ. ನಾನು ಪಾಠ ಹೇಳಿದ ಹುಡುಗಿ ನನ್ನ ಮಾನ ಉಳಿಸಲು ತಾನೂ ಸುಳ್ಳು ಹೇಳಿದ್ದಳು, ಅದೂ ತಡವರಿಸದೆ.

ಓರಗಿತ್ತಿ ಅವರೆಕಾಯಿ ಸುಲಿಯಲು ಕೂತರು. "ರಾ ಬುಜ್ಜಿ" ಎಂದು ಪುಟ್ಟಿಯನ್ನು ಕರೆದು ಅವಳ ಮುಂದೂ ಒಂದು ಹಿಡಿ ಕಾಯಿ ಹಾಕಿದರು. ಪುಟ್ಟಿ ಒಂದೊಂದೇ ಕಾಳು ಬಿಡಿಸುತ್ತಾ, ಇವತ್ತು ಮಿಕ್ಕವರೆಲ್ಲ ಯಾಕೆ ಬಂದಿಲ್ಲ, ನನ್ನ ಚಾಪೆ ಎಲ್ಲಿ ಎಂದು ಕೇಳಿದಳು. ಓರಗಿತ್ತಿ ಕೈಕಾಲು ತೊಳೆದು ಬರುವಷ್ಟರಲ್ಲಿ ಚಾಪೆಗಳನ್ನೆಲ್ಲ ನಾನು ಬೀರುವಿನ ಹಿಂದೆ ತುರುಕಿಬಿಟ್ಟಿದ್ದೆ. ಓರಗಿತ್ತಿ ತಲೆ ಎತ್ತಲಿಲ್ಲ. ಊಟ ಮುಗಿಸಿ ಬಸ್ಸಿಗೆ ಹೊರಡುವಾಗ ಮಾತ್ರ ಚಪ್ಪಲಿ ಮೆಟ್ಟುತ್ತಾ ಹೇಳಿದರು:

"ಜ್ವರ ಬಂದೋಳು ಊಟದ ಡಬ್ಬಿ ತಗೊಂಡು ಡಾಕ್ಟ್ರ ಹತ್ರ ಹೋಗ್ತಾಳೇನೇ? ನಮ್ಮ ಹತ್ರಾನೂ ಮುಚ್ಚಿಡ್ಬೇಕಾ ನೀನು?"

ಉತ್ತರಕ್ಕೆ ಕಾಯದೆ ಹೊರಟುಬಿಟ್ಟರು.

ಸಂಜೆ ಪುಟ್ಟಿಯ ತಾಯಿ ಬಂದಾಗ ತಪ್ಪಾಯಿತಮ್ಮ ಎಂದೆ. ಅವಳು ಮಗುವಿಗೆ ಸ್ವೆಟರ್ ತೊಡಿಸುತ್ತಾ, ನೆಲ ನೋಡುತ್ತಾ ಹೇಳಿದಳು.

"ಬಿಡಿ ಮೇಡಂ. ಚಿಂತಾಮಣೀಲಿ ನಮ್ಮತ್ತೆ ಇದ್ದಾರಲ್ಲ, ಅವರಿಗೆ ನಾನೂ ಹೇಳಿಲ್ಲ. ಮಗೂನ ನಮ್ಮಮ್ಮನ ಮನೇಲಿ ಬಿಡ್ತೀನಿ ಅಂತಾನೇ ಅಂದಿದ್ದೀನಿ. ಗೊತ್ತಾದ್ರೆ, ದುಡ್ಡು ಕೊಟ್ಟು ಬೇರೆಯವರ ಹತ್ರ ಬಿಡ್ತಾಳೆ ಅಂತಾರೆ."

ಅವಳು ಸಮಾಧಾನಕ್ಕೆಂದೇ ಹೇಳಿದ್ದು. ನನಗೆ ಮಾತ್ರ ಚುರುಕ್ಕೆಂದಿತು. ದಿನವೂ ಆ ಮಗುವಿಗೆ ತುತ್ತು ಕೊಟ್ಟು ಮಲಗಿಸುವ ಮನೆ ಅವಳ ಪಾಲಿಗೂ ಬಚ್ಚಿಡುವ ಜಾಗವಾಗಿತ್ತು. ಕೋಪ ಬಂತು. ನಾನು ಬೆಳಗ್ಗೆ ಮಾಡಿದ್ದೂ ಅದನ್ನೇ ಎಂದು ಮರುಕ್ಷಣ ನೆನಪಾಗಿ, ಆ ಕೋಪಕ್ಕೂ ನಾಚಿಕೆಯಾಯಿತು. ಬಿಸಿ ಸಾರು ಒಂದು ಡಬ್ಬಿಗೆ ಹಾಕಿ ಕೊಟ್ಟು ಕಳಿಸಿದೆ.

ಮರುದಿನ ಓರಗಿತ್ತಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮಧ್ಯಾಹ್ನದ ಊಟವನ್ನೂ ನೀನೇ ಹಾಕುತ್ತೀಯಾ ಎಂದಷ್ಟೇ ಕೇಳಿದರು. ಸಂಕ್ರಾಂತಿ ಹೊತ್ತಿಗೆ ಬಳಗಕ್ಕೆಲ್ಲ ಸುದ್ದಿ ಮುಟ್ಟಿತ್ತು. ಈಗ ಹೆಂಗಸರ ನಡುವೆ ಯಾರಾದರೂ ಕೇಳಿದರೆ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದೇ ಹೇಳುತ್ತೇನೆ. ಹೇಳುವಾಗ ದನಿ ಮಾತ್ರ ತಾನಾಗಿ ತಗ್ಗುತ್ತದೆ. ಪುಟ್ಟಿಯ ತಾಯಿ ತನ್ನ ಅತ್ತೆಗೆ ಹೇಳಿದಳೋ ಇಲ್ಲವೋ ನಾನು ಕೇಳಿಲ್ಲ. ಆ ಅತ್ತೆ ಊರಿಂದ ಬಂದಿರುವಷ್ಟು ದಿನ ಪುಟ್ಟಿ ನಮ್ಮ ಮನೆಗೆ ಬರುವುದಿಲ್ಲ.