ಕೈ ಎತ್ತಿದವರಿಗೆ ಮೈಕು

ಉನ್ನತ ಅಧ್ಯಯನ ಸಂಸ್ಥೆಯ ಗೇಟಿನ ಎದುರಿಗೇ ನನ್ನ ಅಂಗಡಿ. ವಿಚಾರಗೋಷ್ಠಿಗೆ ಬಂದವರಿಗೆಲ್ಲ ಹೆಗಲಿಗೆ ಹಾಕಿಕೊಳ್ಳುವ ಚೀಲ, ಅದರೊಳಗೊಂದು ಫೈಲು, ಪೆನ್ನು, ಎದೆಗೆ ಸಿಕ್ಕಿಸುವ ಹೆಸರಿನ ಬಿಲ್ಲೆ ಒದಗಿಸುವವನು ನಾನು. ಒಳಗೆ ಜ್ಞಾನ ಬೆಳೆಯುತ್ತದೋ ಇಲ್ಲವೋ ಹೇಳಲಾರೆ, ಬಳಗಗಳಂತೂ ಬೆಳೆಯುತ್ತವೆ. ಒಂದು ಸಂಶೋಧನಾ ಬಳಗದಲ್ಲಿ ಇಬ್ಬರು ಮುಖ ಮುರಿದುಕೊಂಡರೆ ಅದು ಎರಡು ಬಳಗವಾಗುತ್ತದೆ, ಎರಡಕ್ಕೂ ಬೇರೆ ಬೇರೆ ಬಣ್ಣದ ಚೀಲ ಬೇಕಾಗುತ್ತದೆ. ವಿದ್ವಾಂಸರ ಜಗಳವನ್ನು ಯಾರಾದರೂ ಹಗುರವಾಗಿ ಆಡಿಕೊಂಡರೆ ನನಗೆ ಸಿಟ್ಟು ಬರುವುದು ಅದಕ್ಕೇ.

ಈ ವ್ಯಾಪಾರ ಕುದುರಿದ್ದು ನನ್ನ ತಂಗಿಯ ಗಂಡನಿಂದ. ಅವನು ಅಲ್ಲಿಯ ಸಭಾಂಗಣದಲ್ಲಿ ಮೈಕು ಹೊರುವವನು. ಭಾಷಣ ಮುಗಿದು ‘ಈಗ ಪ್ರಶ್ನೆಗಳಿಗೆ ಅವಕಾಶ’ ಎಂದ ಕೂಡಲೇ ಕೈ ಎತ್ತಿದವರ ಬಳಿಗೆ ಓಡಿ ಮೈಕು ಹಿಡಿಸಬೇಕು, ಆಮೇಲೆ ಅದನ್ನು ವಾಪಸು ಪಡೆಯಬೇಕು. ಹಿಡಿಸುವುದನ್ನು ಯಾರು ಬೇಕಾದರೂ ಮಾಡಿಯಾರು. ವಾಪಸು ಪಡೆಯುವುದಕ್ಕೆ ಕಸುಬು ಬೇಕು. ‘ನಂದೊಂದು ಚಿಕ್ಕ ಪ್ರಶ್ನೆ’ ಎಂದು ಶುರುಮಾಡಿದವರ ಪಕ್ಕದಲ್ಲಿ ಅವನು ಸ್ಟೂಲು ಎಳೆದುಕೊಂಡು ಕೂತೇ ಬಿಡುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಮೈಕಣ್ಣ. ಹೆಸರಾಂತ ಪ್ರೊಫೆಸರರು ಗೋಷ್ಠಿಗೆ ಮುಂಚೆ ಅವನ ಹೆಗಲ ಮೇಲೆ ಕೈಹಾಕಿ, “ಏನ್ ಮೈಕಣ್ಣ, ಮನೇಲೆಲ್ಲ ಚೆನ್ನಾಗಿದಾರಾ? ಇವತ್ತು ಕಿಟಕಿ ಪಕ್ಕ ಕೂತಿರ್ತೀನಿ, ಗೊತ್ತಾಯ್ತಲ್ಲ?” ಎನ್ನುತ್ತಿದ್ದರು. ಅವನು ಇದೆಲ್ಲ ಬರೀ ಪ್ರೀತಿ ಎಂದೇ ನಂಬಿದ್ದ.

ಸುಳ್ಳು ಹೇಳಲು ಬಾರದ ಮನುಷ್ಯ. “ನನ್ನ ಪ್ರಬಂಧ ಹೇಗಿತ್ತಪ್ಪ?” ಎಂದು ವಿದ್ವಾಂಸರು ಸುಮ್ಮನೆ ಕೇಳಿದರೆ, “ಒಳ್ಳೇ ನಿದ್ದೆ ಬಂತು ಸಾರ್” ಎನ್ನುವವನು. ವ್ಯಾಪಾರಸ್ಥರ ಮನೆತನಕ್ಕೆ ಇಂಥ ಅಳಿಯ ಹೇಗೆ ಬಂದ ಎಂದು ನಮ್ಮಪ್ಪ ಕೊನೆಯವರೆಗೂ ತಲೆ ಕೆರೆದುಕೊಂಡರು.

ಆ ವರ್ಷ ಸಂಸ್ಥೆಯ ಕಚೇರಿಗೆ ಹೊಸ ಯೋಚನೆ ಹೊಳೆಯಿತು. ಸಭಾಂಗಣದ ನಡುದಾರಿಯಲ್ಲಿ ಎರಡು ಮೈಕು ನಿಲ್ಲಿಸಿಬಿಡುವುದು. ಪ್ರಶ್ನೆ ಇದ್ದವರು ಎದ್ದು ಬಂದು ಕೇಳಲಿ. ಮೈಕಣ್ಣನನ್ನು ಊರಾಚೆಯ ಉಗ್ರಾಣಕ್ಕೆ ಕಳಿಸಿದರಾಯಿತು. ಉಗ್ರಾಣಕ್ಕೆ ಹೋದರೆ ಆವರಣದೊಳಗಿನ ಎರಡು ಕೋಣೆಯ ಮನೆ ಬಿಡಬೇಕು. ಆ ಎರಡನೇ ಕೋಣೆಯಲ್ಲೇ ನನ್ನ ತಂಗಿ ಹೊಲಿಗೆ ಯಂತ್ರ ಇಟ್ಟುಕೊಂಡು ನನ್ನ ಚೀಲಗಳನ್ನೆಲ್ಲ ಹೊಲಿಯುತ್ತಿದ್ದದ್ದು. ಅಂತೂ ಒಂದೇ ಏಟಿಗೆ ಗಂಡನ ಮೈಕು, ಹೆಂಡತಿಯ ಯಂತ್ರ, ತಲೆಯ ಮೇಲಿನ ಸೂರು ಮೂರೂ ಹೋಗುವುದರಲ್ಲಿತ್ತು. ಮೈಕಣ್ಣ ನಿರ್ದೇಶಕರ ಮುಂದೆ ಕೈಮುಗಿದು ನಿಂತ. ಅವರು, “ಈ ಸಲದ ಸಮಾವೇಶದಲ್ಲಿ ನಿನ್ನಿಂದ ಒಂದೂ ಎಡವಟ್ಟು ಆಗ್ಬಾರ್ದು. ಆಮೇಲೆ ನೋಡೋಣ” ಎಂದರು.

ಎಡವಟ್ಟು ಮೊದಲ ದಿನವೇ ಆಯಿತು. ಉಳಿದ ಚೀಲಗಳನ್ನು ಕಾಯುತ್ತ ನಾನೂ ಹಿಂದಿನ ಬಾಗಿಲ ಬಳಿ ಕೂತಿದ್ದೆ. ಹೊರಗಿನಿಂದ ಬಂದ ಹಿರಿಯ ವಿದ್ವಾಂಸರೊಬ್ಬರು ‘ಗೋಡೆಯ ಒಳಗು ಮತ್ತು ಹೊರಗು’ ಎಂಬ ವಿಷಯದ ಮೇಲೆ ಮಾತಾಡಿ ಮುಗಿಸಿದ್ದರು. ನಿರ್ದೇಶಕರು ಮುಂದಿನ ಸಾಲಿನಲ್ಲಿ, ಸರಿಯಾಗಿ ಫ್ಯಾನಿನ ಕೆಳಗೆ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅವರು ಜತನದಿಂದ ಹಾಸಿಕೊಂಡಿದ್ದ ನಾಲ್ಕು ಕೂದಲು ಗಾಳಿಗೆ ಎದ್ದು ನಿಂತವು. ತೂಕಡಿಕೆಯಿಂದ ಎಚ್ಚೆತ್ತು ಅವರು ಕೈ ಎತ್ತಿ, ಬೆರಳು ತಿರುಗಿಸಿದರು.

ಫ್ಯಾನು ಆರಿಸು ಎಂದು. ಮೈಕಣ್ಣನಿಗೆ ಕಂಡದ್ದು ಎತ್ತಿದ ಕೈ ಮಾತ್ರ. ಓಡಿಹೋಗಿ ಮೈಕು ಹಿಡಿಸಿಬಿಟ್ಟ.

ಇಡೀ ಸಭೆ ತಿರುಗಿತು. ಭಾಷಣದ ಒಂದು ಅಕ್ಷರವನ್ನೂ ಕೇಳಿಸಿಕೊಳ್ಳದ ನಿರ್ದೇಶಕರು ಮೈಕನ್ನು ನೋಡಿದರು, ಮೈಕಣ್ಣನನ್ನು ನೋಡಿದರು. ಕೊನೆಗೆ ಅವರ ಬಾಯಿಂದ ಹೊರಟದ್ದು ಒಂದೇ ಮಾತು: “ಅಂದರೆ...?”

ವೇದಿಕೆಯ ಮೇಲಿನ ಹಿರಿಯರು ನೀರು ಕುಡಿದರು. ಕನ್ನಡಕ ತೆಗೆದರು. “ಇಷ್ಟು ವರ್ಷ ನಾನು ತಪ್ಪಿಸಿಕೊಂಡು ಓಡಾಡಿದ ಪ್ರಶ್ನೆ ಇದೇ,” ಎಂದರು. ಎಲ್ಲೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಊಟದ ಹೊತ್ತಿಗೆ ‘ಅಂದರೆ’ ಅಧ್ಯಯನ ಬಳಗ ಹುಟ್ಟಿತ್ತು. ಕಾಫಿಯ ಹೊತ್ತಿಗೆ ಅದರ ಸಂಚಾಲಕರು ಯಾರಾಗಬೇಕೆಂದು ಇಬ್ಬರು ಮಾತು ಬಿಟ್ಟಿದ್ದರು.

ಮೈಕಣ್ಣ ಬಿಳಿಚಿಕೊಂಡು ಅಂಗಡಿಗೆ ಬಂದ. “ಭಾವ, ಕೆಟ್ಟೆ. ಅವ್ರು ಹೋಗ್ತಾ ‘ಫ್ಯಾನ್ ಅಂದ್ರೆ ಮೈಕ್ ತರ್ತೀಯಲ್ಲೋ’ ಅಂತ ಹಲ್ಲು ಕಡಿದ್ರು. ನಾಳೆ ರೂಮಿಗೆ ಬಾ ಅಂದಿದಾರೆ. ತಪ್ಪಾಯ್ತು, ನೀವು ಫ್ಯಾನ್ ಆರಿಸೋಕೆ ಹೇಳಿದ್ರಿ ಅಂತ ಒಪ್ಕೊಂಡ್ಬಿಡ್ತೀನಿ.”

“ಮಹರಾಯ, ಮಾರಿಹೋದ ಮಾಲನ್ನ ಯಾರಾದ್ರೂ ವಾಪಸ್ ಕೇಳ್ತಾರೇನೋ? ಪ್ರಶ್ನೆ ಕೇಳೋಕೆ ಕೈ ಎತ್ತಿದ್ರಿ ಅನ್ನು, ಅಷ್ಟೇ.”

“ಕೇಳೋಕಲ್ವಲ್ಲ ಎತ್ತಿದ್ದು!”

ತಂಗಿಯೂ ಹೇಳಿ ನೋಡಿದಳು. “ನಿಜ ಹೇಳೋದಾದ್ರೆ ಹೇಳ್ಬಿಟ್ಟು ಸೀದಾ ಉಗ್ರಾಣಕ್ಕೇ ಹೋಗಿ. ಮನೆಗೆ ಬರೋಣ ಅಂದ್ರೆ ಮನೆಯಿರಲ್ಲ” ಎಂದು ಯಂತ್ರಕ್ಕೆ ಹಳೇ ಸೀರೆ ಸುತ್ತಿ ಗಂಟು ಹಾಕಿದಳು.

ಮರುದಿನ ನಾನೂ ಜೊತೆಗೆ ಹೋದೆ. ಹೊಸ ಬಳಗದ ಚೀಲದ ಮಾದರಿ ತೋರಿಸುವ ನೆಪವಿತ್ತು. ನಿರ್ದೇಶಕರು ತಲೆ ಎತ್ತದೆ ಕೇಳಿದರು: “ನಿನ್ನೆ ನಾನು ಕೈ ಎತ್ತಿದ್ದು ಯಾಕೆ ಅಂತ ನಿಂಗೆ ಗೊತ್ತಲ್ವಾ?”

“ಗೊತ್ತು ಸಾರ್.”

ಅವರ ಪೆನ್ನು ನಿಂತಿತು. “ಏನು ಗೊತ್ತು? ಹೇಳು.”

ನಾನು ಹಿಂದಿನಿಂದ ಅವನ ಬೆನ್ನು ತಿವಿದೆ. ಮೈಕಣ್ಣ ಬಾಯಿ ತೆರೆದ. “ಫ್ಯಾ...” ಎಂದ. ಹೆಂಡತಿಯ ಮುಖ ನೆನಪಾಯಿತೋ ಏನೋ, ಉಗುಳು ನುಂಗಿದ. “ಫ್ಯಾ... ಅಂದರೆ... ಸಾರ್, ಅಂದರೆ...”

ನಿರ್ದೇಶಕರು ಕುರ್ಚಿಯಿಂದ ಎದ್ದುನಿಂತರು. “ಅದೇ! ಅದೇ ಕಣಯ್ಯ! ಅಂದರೆ! ನೋಡ್ರಿ, ಮೈಕು ಹಿಡಿಯೋನಿಗೂ ಅದು ತಟ್ಟಿದೆ!” ಮುಖ ಅರಳಿತ್ತು. ನಿನ್ನೆ ತಮ್ಮ ತಲೆಯಲ್ಲಿ ಇದ್ದದ್ದು ಪ್ರಶ್ನೆಯೇ ಎಂದು ಅವರಿಗೆ ಆ ಕ್ಷಣದಲ್ಲಿ ಪೂರ್ತಿ ನಂಬಿಕೆ ಬಂದಿರಬೇಕು. ಬಾಗಿಲಾಚೆ ಕೂತಿದ್ದ ಗುಮಾಸ್ತರಿಗೆ ಕೂಗಿ ಹೇಳಿದರು: “ಆ ನಿಲ್ಲಿಸೋ ಮೈಕು ಬೇಡ ಅಂತ ಹೇಳಿ. ಯಾರ ಹತ್ರ ಪ್ರಶ್ನೆ ಇದೆ ಅಂತ ಗುರುತಿಸೋಕೆ ಮನುಷ್ಯನೇ ಬೇಕು. ಇವನು ಇಲ್ಲೇ ಇರ್ತಾನೆ.”

ಹೊರಗೆ ಬಂದ ಮೇಲೆ ಮೈಕಣ್ಣ ಗೋಡೆಗೆ ಒರಗಿದ. “ಹೇಳೋಕೇ ಬಿಡ್ಲಿಲ್ವಲ್ಲ ಭಾವ. ಒಳಗೆ ಹೋಗಿ ಬಿಡಿಸಿ ಹೇಳ್ಬಿಡ್ಲಾ?”

ನಾನು ಅವನ ರಟ್ಟೆ ಹಿಡಿದು ಸೀದಾ ಮನೆಗೆ ಎಳೆದುಕೊಂಡು ಹೋದೆ. ತಂಗಿ ಹೊಸ್ತಿಲಲ್ಲೇ ನಿಂತಿದ್ದಳು.

“ಮನೆ ಉಳೀತು,” ಎಂದೆ.

ಅವಳು ಗಂಡನ ಮುಖ ನೋಡಿದಳು. “ಹಂಗಾದ್ರೆ ಕೊನೆಗೂ ಒಂದು ಸುಳ್ಳು ಹೇಳಿದ್ರಾ?”

“ಇಲ್ಲ ಕಣೇ,” ಎಂದ ಅವನು ಪೆಚ್ಚಾಗಿ. “ನಿಜ ಶುರುಮಾಡಿದ್ದೆ.”

ಅವಳು ಒಳಗೆ ಹೋಗಿ ಯಂತ್ರಕ್ಕೆ ಸುತ್ತಿದ್ದ ಸೀರೆಯ ಗಂಟು ಬಿಚ್ಚತೊಡಗಿದಳು.